ಗಾಳಿಯೇ ಇಲ್ಲದ ಕಡೆ ಕನ್ನಡಿಗೆ ಐಸ್ ಕಟ್ಟಿದ್ದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ): ಸರ್, ನಮಸ್ಕಾರ. ಮದುವೆ ಫೋಟೋ ತೆಗೆಯೋದು ನನ್ನ ಕೆಲಸ. ಆಷಾಢ ಬಂತು ಅಂದ್ರೆ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕೆಲಸ. ಇಲ್ಲಿ ಗಾಳೀಲೇ ನೀರಿದೆ, ಸರಿ. ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಗೂ ಐಸ್ ಕಟ್ಟಿತ್ತು ಅಂತ ಓದಿದೆ. ಅಲ್ಲಿಗೆ ನೀರು ಎಲ್ಲಿಂದ ಬಂತು?

ಉತ್ತರ: ನಮಸ್ಕಾರ. ಉಪಗ್ರಹಗಳ ಉಷ್ಣ ನಿಯಂತ್ರಣದಲ್ಲೇ ಕೆಲಸ ಮಾಡಿದವನು ನಾನು, ನಮ್ಮನ್ನು ತುಂಬಾ ಕಾಡೋ ವಿಷಯ ಇದು. ನೀರು ಹೋಗಿದ್ದು ಭೂಮಿಯಿಂದಲೇ. ದೂರದರ್ಶಕಕ್ಕೆ ಸುತ್ತೋ ಶಾಖನಿರೋಧಕ ಹೊದಿಕೆ ಅಂದ್ರೆ ತೆಳು ಪ್ಲಾಸ್ಟಿಕ್ ಹಾಳೆಗಳ ಹಲವು ಪದರ. ಕ್ಲೀನ್ ರೂಮಿನಲ್ಲಿ ಜೋಡಿಸಿದರೂ ಅದು ಗಾಳಿಯ ತೇವ ಹೀರಿಕೊಂಡಿರುತ್ತೆ. ನಿರ್ವಾತ ಸಿಕ್ಕಿದ ಕೂಡಲೇ ಆ ನೀರಿನ ಅಣುಗಳು ಹೊರಬೀಳೋಕೆ ಶುರು, ತಿಂಗಳುಗಟ್ಟಲೆ ನಡೆಯುತ್ತೆ. ಬೆಚ್ಚಗಿರೋ ಮೈಗೆ ತಾಗಿದ್ದು ಮತ್ತೆ ಹಾರಿಹೋಗುತ್ತೆ, ತೀರಾ ತಣ್ಣಗಿರೋದಕ್ಕೆ ತಾಗಿದ್ದು ಅಲ್ಲೇ ಕೂರುತ್ತೆ. ಅವಕೆಂಪು ಬೆಳಕು ನೋಡಬೇಕಾದರೆ ಕನ್ನಡಿ, ಡಿಟೆಕ್ಟರ್ ಎರಡೂ ತಣ್ಣಗಿರಲೇಬೇಕು. ಕಷ್ಟ ಇರೋದೇ ಇಲ್ಲಿ.

ಯೂಕ್ಲಿಡ್ ಹಾರಿದ್ದು 2023ರ ಜುಲೈ 1ಕ್ಕೆ. ನವೆಂಬರ್ ಹೊತ್ತಿಗೆ ಅದೇ ನಕ್ಷತ್ರಗಳಿಂದ ಬರೋ ಬೆಳಕು ಚೂರು ಚೂರೇ ಕಮ್ಮಿಯಾಗ್ತಿರೋದು ಗೊತ್ತಾಯ್ತು. ಕಟ್ಟಿದ್ದ ಐಸಿನ ದಪ್ಪ ನ್ಯಾನೋಮೀಟರ್ ಲೆಕ್ಕದ್ದು!

ಮರು ಪ್ರಶ್ನೆ: ಹೀಟರ್ ಹಾಕಿ ಪೂರ್ತಿ ಕಾಯಿಸಿಬಿಟ್ಟರೆ ಆಗಲ್ವಾ ಸರ್?

ಉತ್ತರ: ಹಾರಿದ ಹೊಸದರಲ್ಲಿ ಹಾಗೆ ಕಾಯಿಸಿದ್ದರು. ಆಮೇಲೆ ಮತ್ತೆ ಪೂರ್ತಿ ಕಾಯಿಸೋಕೆ ಧೈರ್ಯ ಬರಲ್ಲ. ಕಾದ ಭಾಗಗಳು ಹಿಗ್ಗುತ್ತವೆ, ತಣ್ಣಗಾದಾಗ ಕನ್ನಡಿಗಳು ಕೂದಲೆಳೆಯಷ್ಟೂ ಸರಿಯದೆ ಮೊದಲಿನ ಜಾಗಕ್ಕೇ ಬರುತ್ತವೆ ಅನ್ನೋ ಖಾತ್ರಿ ಇಲ್ಲ. ಅದಕ್ಕೇ 2024ರ ಮಾರ್ಚಿನಲ್ಲಿ ಒಂದೊಂದೇ ಕನ್ನಡಿ ಕಾಯಿಸೋ ಯೋಜನೆ ಹಾಕಿದರು. ಅನುಮಾನ ಇದ್ದ ಕನ್ನಡಿಯನ್ನು ಮೈನಸ್ 147 ಡಿಗ್ರಿಯಿಂದ ಮೈನಸ್ 113ಕ್ಕೆ ತಂದರು, ಅಷ್ಟೇ. ನಿರ್ವಾತದಲ್ಲಿ ಆ ಚಳಿಯಲ್ಲೂ ಐಸ್ ಕರಗದೆ ನೇರ ಆವಿಯಾಗುತ್ತೆ. ಬರೋ ಬೆಳಕು ಶೇ. 15 ಹೆಚ್ಚಾಯ್ತು.

ಪ್ರಶ್ನೆ (ಸಾಗರದಿಂದ): ನಮ್ಮ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ಗೂ ಈ ತೊಂದರೆ ಇತ್ತಾ?

ಉತ್ತರ: ಒಳ್ಳೆ ಪ್ರಶ್ನೆ ಮೇಡಂ. ಅದರಲ್ಲಿರೋ ಯುವಿಐಟಿ ಅನ್ನೋ ದೂರದರ್ಶಕ ನೋಡೋದು ನೇರಳಾತೀತ ಬೆಳಕು. ಅಲ್ಲಿ ಐಸಿಗಿಂತ ಅಂಟು, ಕೇಬಲ್, ಬಣ್ಣಗಳಿಂದ ಹೊರಡೋ ಸಾವಯವ ಆವಿಯ ಭಯ ಜಾಸ್ತಿ. ಕನ್ನಡಿ ಮೇಲೆ ಕೂತ ಆವಿಗೆ ಬಿಸಿಲು ತಾಗಿದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಆಮೇಲೆ ಕಾಯಿಸಿದರೂ ಬಿಡೋದು ಕಷ್ಟ. ಹಾಗಾಗಿ 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ಮೇಲೂ ಎರಡು ತಿಂಗಳು ಅದರ ಬಾಗಿಲು ಮುಚ್ಚೇ ಇಟ್ಟಿದ್ದರು. ತೆಗೆದದ್ದು ನವೆಂಬರ್ ಕೊನೆಗೆ, ಉಪಗ್ರಹದ ಮೈಯಿಂದ ಆವಿ ಬಹುಪಾಲು ಹೊರಟುಹೋದ ಮೇಲೆ.