ಟ್ರಾಲಿ ಮೇಲೆ ಮೂರು ಚೀಲ ಹೇರಿದರೆ ಕೈ ಸೋಲೋದು ಯಾಕೆ?

ಪ್ರಶ್ನೆ: ಅಣ್ಣಾ, ಕಲಬುರಗಿಯಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. ಗಂಜ್‌ನಿಂದ ಟಂಟಂನಲ್ಲಿ ತೊಗರಿ ಬೇಳೆ ಬರುತ್ತದೆ, 50 ಕೆಜಿ ಚೀಲ. ಹಮಾಲರು ಸಿಗದ ದಿನಕ್ಕಿರಲಿ ಎಂದು ಎರಡು ಗಾಲಿಯ ಟ್ರಾಲಿ ತಂದೆ. ಮೂರು ಚೀಲ ಹೇರಿದರೆ ಕೈ ಸೋತು ಹೋಗುತ್ತದೆ. ನಿನ್ನೆ ಫರಸಿ ಸಂದಿನಲ್ಲಿ ಗಾಲಿ ಸಿಕ್ಕು ಒಂದು ಚೀಲ ಉರುಳಿ ಒಡೆಯಿತು. ಅಂಗಡಿಗೆ ಮೂರು ಪಾವಟಿಗೆ ಬೇರೆ. ತಪ್ಪು ಟ್ರಾಲಿದಾ, ನಂದಾ?

ಉತ್ತರ (ಲೋಡಿಂಗ್ ಕೆಲಸದವರು): ತಮ್ಮಾ, ಬೇಜಾರಾಗಬೇಡ, ಜಾಸ್ತಿ ನಿಂದೇ. ಭಾರ ಹೊರಬೇಕಾದ್ದು ಗಾಲಿ, ಕೈಯಲ್ಲ. ಗಾಡಿ ಹಿಂದಕ್ಕೆ ಬಾಗಿಸುತ್ತಾ ಹೋಗು. ಒಂದು ಕಡೆ ಹಿಡಿಕೆ ಹಗುರಾಗುತ್ತದೆ. ಚೀಲಗಳ ಭಾರ ಸರಿಯಾಗಿ ಅಚ್ಚಿನ ಮೇಲೆ ಬಂದ ಜಾಗ ಅದು. ಅದಕ್ಕಿಂತ ಕೆಳಗೆ ಬಾಗಿಸಿದರೆ ಕೈಗೆ ಭಾರ, ನೆಟ್ಟಗೆ ನಿಲ್ಲಿಸಿದರೆ ಗಾಡಿ ಮುಂದಕ್ಕೆ ಎಳೆಯುತ್ತದೆ.

ಚೀಲ ಅಡ್ಡಡ್ಡ ಮಲಗಿಸಿ, ಹಿಂದಿನ ಕಂಬಿಗೆ ಒತ್ತಿ ಕೂಡಿಸು. ಬೇಳೆ ಚೀಲ ಕಲ್ಲಿನಂಗಲ್ಲ, ಸುಮ್ನೆ ಇರಲ್ಲ, ಜಗ್ಗುತ್ತದೆ. ಹಗ್ಗ ಬಿಗಿ. ತಳದ ತಟ್ಟೆ ಚಿಕ್ಕದಿದ್ದರೆ ಮೇಲೊಂದು ದಪ್ಪ ಹಲಗೆ ಹಾಕು.

ಸಂದು ದಾಟುವಾಗ ಸೊಟ್ಟ ಹೋಗಬೇಡ. ಎರಡೂ ಗಾಲಿ ಒಟ್ಟಿಗೆ ದಾಟಬೇಕು. ತಳ್ಳಬೇಡ, ತಿರುಗಿಸಿ ಎಳೆ. ಸಣ್ಣ ಗಟ್ಟಿ ಗಾಲಿಯಿದ್ದರೆ ದೊಡ್ಡ ಗಾಳಿ ಗಾಲಿಗೆ ಬದಲಿಸು. ನಮ್ಮ ಶಹಾಬಾದ್ ಫರಸಿಗೆ ಅದೇ ಸೈ.

ಪ್ರಶ್ನೆ: ಮತ್ತೆ ಪಾವಟಿಗೆಗೆ? 6 ಅಡಿ ಹಲಗೆಯೊಂದಿದೆ.

ಉತ್ತರ: ಮೂರು ಪಾವಟಿಗೆ ಅಂದರೆ ಒಂದೂವರೆ ಅಡಿ ಎತ್ತರ ಅನ್ನೋಣ. 6 ಅಡಿ ಹಲಗೆ ಮೇಲೆ ಎರಡು ಚೀಲ, ಅಂದರೆ 100 ಕೆಜಿ ಏರಿಸಲು, ಹೆಚ್ಚೂಕಮ್ಮಿ 25 ಕೆಜಿ ಎಳೆದಷ್ಟು ಬಲ ಬೇಕು. 12 ಅಡಿ ಹಲಗೆಯಾದರೆ ಅದರ ಅರ್ಧ. ಜಾಗ ಇದೆಯಾ ನೋಡು. ಹಲಗೆ ಜಾರದಂತೆ ಮೇಲ್ತುದಿ ಕಟ್ಟು. ಮೂರು ಚೀಲದ ಆಸೆ ಬಿಡು, ಎರಡೇ ಸಾಕು.

ಇನ್ನೊಂದು ಮಾತು. ಏರುವಾಗಲೂ ಇಳಿಯುವಾಗಲೂ ನೀನು ಮೇಲಿರಬೇಕು, ಗಾಡಿ ಕೆಳಗೆ. ಅದರ ಕೆಳಗಿನ ದಾರಿಯಲ್ಲಿ ಯಾರೂ ನಿಲ್ಲಬಾರದು, ‘ಹಿಡೀತೀನಿ’ ಅಂತ ಬರುವ ಹುಡುಗರಂತೂ ಬೇಡವೇ ಬೇಡ. ಕೈ ತಪ್ಪಿದರೆ ಬಿಟ್ಟುಬಿಡು. ಬೇಳೆ ಹೋದರೆ ಬಳಿದುಕೊಳ್ಳಬಹುದು, ಕಾಲು ಮುರಿದರೆ?

ಮತ್ತೊಬ್ಬರು: ಅಣ್ಣೋರೆ, ಇದೇ ಟ್ರಾಲಿಯಲ್ಲಿ ಫ್ರಿಜ್ ಒಯ್ಯಬಹುದಾ?

ಉತ್ತರ: ಒಯ್ಯಿರಿ. ಹಿಂಬದಿಯ ಕೊಳವೆ ಕಂಬಿಗೆ ತಾಗದಂತೆ ಪಕ್ಕದ ಗೋಡೆಯನ್ನು ಟ್ರಾಲಿಗೆ ಒರಗಿಸಿ, ಬೆಲ್ಟ್ ಬಿಗಿಯಿರಿ, ಬಾಗಿಲಿಗೂ ಒಂದು ಸುತ್ತು. ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ.

ಮೊದಲಿನವರು: ಖಾಲಿ ಟ್ರಾಲಿಯಲ್ಲಿ ಹಲಗೆ ಏರಿ ಇಳಿದು ನೋಡಿದೆ ಅಣ್ಣಾ. ನಾಳೆ ಎರಡು ಚೀಲದಲ್ಲಿ ನೋಡ್ತೀನಿ.