ಬಿದರಿ ಕೆಲಸ ಕಲಿಯೋದು: ಮೊದಲ ಅರ ಯಾಕ ಹಿಡಿಸ್ತಾರ?

ಔರಾದ್ ಓದುಗ:
ನಮ್ಮ ತಮ್ಮ ಪಿಯುಸಿ ಮುಗಿಸ್ಯಾನ, 18 ತುಂಬ್ಯಾವ. ಬೀದರ್‌ನಾಗ ಉಸ್ತಾದ್ ಒಬ್ಬರ ಹತ್ರ ಬಿದರಿ, ಅಂದ್ರ ಕಪ್ಪು ಲೋಹದ ಪಾತ್ರೆ ಮ್ಯಾಲ ಬೆಳ್ಳಿ ಕೂಡಿಸೋ ಕೆಲಸ, ಕಲಿಲಿಕ್ಕೆ ಬಿಡಬೇಕಂತ ಮಾಡೀವಿ. ಚಿತ್ರ ಛಲೋ ತೆಗೀತಾನ. ಆದ್ರ ಅಲ್ಲಿ ತಿಂಗಳುಗಟ್ಟಲೆ ಬರೇ ಅರ ಉಜ್ಜಿಸ್ತಾರಂತ. ಇದು ಕಲಿಸೋ ಪದ್ಧತಿನಾ, ದುಡಿಸಿಕೊಳ್ಳೋದಾ? ಕುಶಲಕರ್ಮಿಗಳಿಗಿರೋ ಕೇಂದ್ರದ ವಿಶ್ವಕರ್ಮ ಯೋಜನೆ ತರಬೇತಿ ಸಾಕಾಗ್ತದೇನು?

ಚೌಬಾರಾ ಹತ್ರ:
ಪದ್ಧತಿನೇ ರೀ. ಬಿದರಿ ಎರಕದಾಗ ಸತು 16 ಪಾಲಿದ್ರ ತಾಮ್ರ 1 ಪಾಲು. ಅದಕ್ಕ ಲೋಹ ಪೆಡಸು, ಉಳಿ ಜೋರು ಬಿತ್ತಂದ್ರ ಅಂಚು ಚಕ್ಕೆ ಏಳ್ತದ. ಆ ಪೆಡಸು ಕೈಗೆ ತಿಳಿಯೋದು ಅರ ಉಜ್ಜುವಾಗ. ಎರಕದ ಗಾಳಿಗುಳ್ಳೆ ಹೊರಗ ಬರೋದೂ ಆವಾಗೇ. ಮೈ ಏರುತಗ್ಗು ಉಳಿದ್ರ, ಬೆಳ್ಳಿ ಕೂಡಿಸಿ ನಯ ಮಾಡುವಾಗ ಏರಿನ ಮ್ಯಾಲಿನ ಬೆಳ್ಳಿ ಸವೆದು ಹೋಗ್ತದ, ತಗ್ಗಿನಾಗ ಅರ ಮುಟ್ಟಂಗಿಲ್ಲ. ಆಮ್ಯಾಲ ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಮಾಡ್ತಾರ. ಅದರ ಮ್ಯಾಲ ಸೂಜಿಮೊನೆಯಿಂದ ಗೀಚಿದ ಗೆರೆ ಬೆಳ್ಳಗ ಕಾಣ್ತದ. ನಿಮ್ಮ ತಮ್ಮನ ಚಿತ್ರದ ಕೈ ಇಲ್ಲಿ ಉಪಯೋಗಕ್ಕೆ ಬರ್ತದ.

ಉಳಿ ಸುತ್ತಿಗೆ:
ನಿಜವಾದ ಪರೀಕ್ಷೆ ಕೆತ್ತನೆ. ಪಾತ್ರೆಯನ್ನು ಮೇಣ-ರಾಳದಲ್ಲಿ ಕಲ್ಲಿಗೆ ಅಂಟಿಸಿ ಅಲುಗದಂತೆ ಮಾಡಿಕೊಂಡು ಕೊರೆಯಬೇಕು. ಗೀರು ತೆಳುವಾದರೆ ನಯ ಮಾಡುವಾಗ ತಂತಿ ಎದ್ದು ಬರುತ್ತದೆ. ಆಳವಾದರೆ ತಂತಿ ಒಳಗೆ ಕುಸಿದು ಗೆರೆ ತುಂಡುತುಂಡಾಗಿ ಕಾಣುತ್ತದೆ. ಅಂಚಿನಲ್ಲಿ ಏಳುವ ಲೋಹದ ಮುಳ್ಳನ್ನು ಉಜ್ಜಿ ತೆಗೆಯಬಾರದು, ಸುತ್ತಿಗೆ ಬಿದ್ದಾಗ ತಂತಿಯನ್ನು ಹಿಡಿಯುವುದು ಅದೇ. ಬೆಳ್ಳಿ ತಂತಿ ಗಡಸಾಗಿದ್ದರೆ ಕಾಯಿಸಿ ಮೆದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ತಿರುವುಗಳಲ್ಲಿ ಪುಟಿದು ಹೊರಬರುತ್ತದೆ. ಮೊದಲು ನೇರ ಗೆರೆ, ನಂತರ ಬಳ್ಳಿ, ಕೊನೆಗೆ ಹೂವಿನ ಎಸಳಿಗೆ ಬೆಳ್ಳಿ ತಗಡು: ಈ ಕ್ರಮದಲ್ಲಿ ಕಲಿಸುವ ಉಸ್ತಾದರನ್ನು ನಂಬಬಹುದು. ವರ್ಷವಾದರೂ ಉಳಿ ಕೊಡದವರ ಹತ್ತಿರ ಬಿಡಬೇಡಿ.

ಔರಾದ್ ಓದುಗ:
ಕಡೀಕ ಕಾಯಂ ಕಪ್ಪು ಮಾಡೋದು ಮನೆಮಂದಿಗಷ್ಟೇ ಹೇಳ್ತಾರಂತ, ಖರೇನಾ?

ಚೌಬಾರಾ ಹತ್ರ:
ಕ್ರಮ ಎಲ್ಲರಿಗೂ ಗೊತ್ತು. ಮಳೆ ಬಿಸಿಲು ತಾಗದ ಕೋಟೆಯೊಳಗಿನ ಹಳೇ ಮಣ್ಣು, ನವಸಾಗರ, ನೀರು ಕೂಡಿಸಿ ಕುದಿಸ್ತಾರ, ಸ್ವಲ್ಪ ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕತಾರ. ಸತುವಿನ ಮೈ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ಕಡೀಕ ಎಣ್ಣೆ. ಕಷ್ಟ ಇರೋದು ಮಣ್ಣು ಆರಿಸೋದ್ರಾಗ, ನಾಲಗಿಗೆ ಹಚ್ಚಿ ರುಚಿ ನೋಡ್ತಾರ. ಅದು ಪಕ್ಕದಾಗ ಕುಂತು ನೋಡಿಯೇ ಬರಬೇಕು. ಪಾತ್ರೆ ಮ್ಯಾಲ ಬೆರಳ ಜಿಡ್ಡು ಉಳಿದ್ರ ಕಪ್ಪು ಕಲೆಕಲೆಯಾಗಿ ಬರ್ತದ, ಮೊದಲ ಚೊಕ್ಕ ತೊಳೀಬೇಕು.

ಹುಮನಾಬಾದ್ ದಾರಿ:
ಯೋಜನೆ ಬಗ್ಗೆ: ಪಿಎಂ ವಿಶ್ವಕರ್ಮ ಶುರುವಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರ 18 ಕಸಬುಗಳ ಪಟ್ಟಿಯಲ್ಲಿ ಬಿದರಿ ಎಂಬ ಹೆಸರಿಲ್ಲ, ಮೂಲ ತರಬೇತಿಯೂ 5ರಿಂದ 7 ದಿನದ್ದು. ಅಷ್ಟರಲ್ಲಿ ಈ ಕೆಲಸ ಬರುವುದಿಲ್ಲ. ಕೈ ಕುದುರಿದ ಮೇಲೆ ಕರಕುಶಲ ಇಲಾಖೆಯ ಪಹಚಾನ್ ಕಾರ್ಡ್ (ಕುಶಲಕರ್ಮಿಯ ಗುರುತಿನ ಚೀಟಿ) ಮಾಡಿಸಿ, ಮೇಳ, ತರಬೇತಿಗೆ ಅದು ಬೇಕಾಗುತ್ತದೆ.

ಸೇರಿಸುವ ಮುನ್ನ ಎರಕದ ಜಾಗ ನೋಡಿ ಬನ್ನಿ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಅತಿಯಾಗಿ ಕಾಯಿಸಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಜ್ವರ, ನಡುಕ ಬರುತ್ತದೆ. ಗಾಳಿ ಹೊರಹೋಗದ ಕೋಣೆಯಾದರೆ ಬೇಡ. ಅಚ್ಚಿನ ಮಣ್ಣಿನಲ್ಲಿ ತೇವ ಉಳಿದರೆ ಲೋಹ ಸಿಡಿಯುತ್ತದೆ, ಹಾಗಾಗಿ ಹೊಸಬರನ್ನು ಒಬ್ಬರೇ ಸುರಿಯಲು ಬಿಡಬಾರದು. ಇನ್ನು ಬೆಳ್ಳಿ: ಕೊಡುವಾಗ ತೂಕ, ಉಳಿದ ತುಂಡು ಮತ್ತು ಪುಡಿ ವಾಪಸ್ ಕೊಡುವಾಗಲೂ ತೂಕ. ಎಷ್ಟು ಸವಕಳಿ ಒಪ್ಪುತ್ತಾರೆ, ಊಟ-ಖರ್ಚಿಗೆ ತಿಂಗಳಿಗೆ ಏನು ಕೊಡುತ್ತಾರೆ ಎಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ.