ಅಪ್‌ಡೇಟ್: ಕರೆಂಟಿಲ್ಲದ ತೋಟದ ಮನೆಯಲ್ಲಿ ಬಿಸಿನೀರಿನ ಸ್ನಾನ

ಹಿರಿಯೂರು ತಾಲ್ಲೂಕಿನ ನಮ್ಮ ತೋಟದ ಮನೆಗೆ ಕರೆಂಟಿಲ್ಲ, ಸ್ನಾನಕ್ಕೆ ಬಿಸಿನೀರು ಹೇಗೆ ಎಂದು ಹಿಂದೆ ಕೇಳಿದ್ದೆ. ಕಪ್ಪು ಪೈಪಿನ ಸುರುಳಿಯನ್ನು ಸೂಚಿಸಿದವರಿಗೆ ಮನಃಪೂರ್ವಕ ವಂದನೆಗಳು, ಅದನ್ನೇ ಮಾಡಿದ್ದೇನೆ.

ಹನಿ ನೀರಾವರಿಗೆ ಬಳಸುವ 16 ಮಿ.ಮೀ. ಪೈಪನ್ನು, ತೂತಿಲ್ಲದ್ದನ್ನೇ ಆರಿಸಿ, 100 ಮೀಟರ್ ಉದ್ದಕ್ಕೆ ಬಚ್ಚಲಿನ ತಗಡಿನ ಮೇಲೆ ಸುರುಳಿ ಸುತ್ತಿ, ಹತ್ತು ಅಡಿ ಎತ್ತರದ ಕಲ್ಲುಕಂಬಗಳ ಮೇಲಿಟ್ಟ ಡ್ರಮ್ಮಿನಿಂದ ಅದಕ್ಕೆ ನೀರು ಬಿಟ್ಟಿದ್ದೇನೆ. ಸುರುಳಿಯೊಳಗೆ ನಿಲ್ಲುವುದು ಸುಮಾರು 15 ಲೀಟರ್ ಮಾತ್ರ. ಆದರೆ ಮಧ್ಯಾಹ್ನದ ಬಿಸಿಲಿಗೆ ಅದು ಕೈಯಿಡಲಾಗದಷ್ಟು ಕಾಯುವುದರಿಂದ, ತಣ್ಣೀರು ಬೆರೆಸಿದರೆ ಒಬ್ಬರ ಸ್ನಾನಕ್ಕೆ ಧಾರಾಳವಾಗಿ ಸಾಕು. ಮುಂದಿನವರು ಮತ್ತೆ ನೀರು ಕಾಯುವವರೆಗೆ ಕಾಯಬೇಕು. ಮಕ್ಕಳಿರುವ ಮನೆಯವರು ದಯವಿಟ್ಟು ಷವರ್‌ಗೆ ಮೊದಲು ತಣ್ಣೀರಿನ ನಲ್ಲಿಯನ್ನೇ ತಿರುಗಿಸಿ, ಆಮೇಲೆ ಬಿಸಿನೀರು ಸೇರಿಸಿ.

ಪೈಪಿಗೆ ಹೊದಿಕೆಯಿಲ್ಲದ ಕಾರಣ ಹೊತ್ತು ಮುಳುಗಿದೊಡನೆ ನೀರು ಆರುತ್ತದೆ. ಹೀಗಾಗಿ ನಮ್ಮ ಸ್ನಾನ ಈಗ ಸಂಜೆ ಐದರೊಳಗೆ ಮುಗಿಯುತ್ತದೆ. ಬೆಳಗಿನ ಸ್ನಾನಕ್ಕೂ ಮೋಡದ ದಿನಗಳಿಗೂ ತೆಂಗಿನ ಗರಿ, ಮಟ್ಟೆ ಉರಿಸುವ ಹಳೆಯ ಹಂಡೆಯೊಲೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.